ಕೇಸು ತಂದ ಕಾಲ

ತಮಿಳುನಾಡಿನ ಹೊಸೂರಿನ ಹತ್ತಿರದ ಕೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ನಾನು ನರ್ಸಮ್ಮನಾಗಿದ್ದಾಗ ತಿಂಗಳ ಕೊನೆಗೆ ಮೇಲಿನವರು ಕೇಳುತ್ತಿದ್ದುದು ಒಂದೇ: ಎಷ್ಟು ಕೇಸು ತಂದೆ? ಕೇಸು ಅಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಒಪ್ಪಿದ ಹೆಂಗಸು. ಮಾಡಿಸಿದ ಹೆರಿಗೆ, ಹಾಕಿದ ಚುಚ್ಚುಮದ್ದು ಯಾವುದೂ ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಗಂಡಸರದೂ ಒಂದು ಕಾಲವಿತ್ತು. ಹೊಸೂರು ಇನ್ನೂ ಸೇಲಂ ಜಿಲ್ಲೆಯಲ್ಲಿದ್ದಾಗ, 1950ರ ದಶಕದಲ್ಲಿ, ಆಪರೇಷನ್ ಮಾಡಿಸಿಕೊಂಡ ಬಡವರಿಗೆ ಮದ್ರಾಸ್ ಸರ್ಕಾರ 30 ರೂಪಾಯಿ ಕೊಡತೊಡಗಿತು. ಕರೆತಂದ ದಲ್ಲಾಳಿಗೂ ದುಡ್ಡು. ಇದರ ಹಿಂದಿದ್ದ ಅಧಿಕಾರಿ ಆರ್.ಎ. ಗೋಪಾಲಸ್ವಾಮಿ, 1951ರ ಜನಗಣತಿ ನಡೆಸಿದವರು. ತಲೆ ಎಣಿಸಿ ಗಾಬರಿಯಾದರೇನೋ!

ಗಡಿಯ ಅತ್ತಿಬೆಲೆಯ ಆಚೆ, ಮೈಸೂರು ಸೀಮೆಯಲ್ಲಿ, ಕಥೆಯೇ ಬೇರೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳಿಗೆ ಒಪ್ಪಿಗೆ ಕೊಟ್ಟಿತ್ತು. ಆದರೆ 1952ರ ಹೊತ್ತಿಗೆ ಅದೇ ಸೀಮೆಯ ರಾಮನಗರದ ಹೆಂಗಸರಿಗೆ ಹೇಳಿಕೊಟ್ಟದ್ದು ಬಸಿರಾಗದ ದಿನ ಎಣಿಸುವುದನ್ನು. ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯ ಶಿಷ್ಯೆ, ಗರ್ಭ ತಡೆಯುವ ಸಾಧನಗಳಿಗೆ ಅವರ ಸಮ್ಮತಿಯಿಲ್ಲ. ನೆರವು ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಗೆ ಕ್ಯಾಥೊಲಿಕ್ ದೇಶಗಳ ಅಂಜಿಕೆ. ಹೀಗಾಗಿ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದು ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ಗಂಡನನ್ನು ದೂರವಿಡಬೇಕು. ದೀಪವಿಲ್ಲದ ಮನೆ, ಸರ ಎಳೆದಾಡುವ ಮಕ್ಕಳು, ಕುಡಿದು ಬರುವ ಗಂಡ ಯೋಜನೆ ಮಾಡಿದವರ ಲೆಕ್ಕದಲ್ಲಿ ಇದ್ದಂತಿಲ್ಲ. ಯೋಜನೆ ಸೋತಿತು.

ತುರ್ತು ಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಾದ 80 ಲಕ್ಷಕ್ಕೂ ಮೀರಿದ ಆಪರೇಷನ್ನುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರವು. ಉತ್ತರ ಭಾರತದಲ್ಲಿ ಜನ ಆ ಬಲವಂತಕ್ಕೆ ಓಟಿನಲ್ಲಿ ಸೇಡು ತೀರಿಸಿಕೊಂಡರು, ಇಂದಿರಾ ಸರ್ಕಾರ ಬಿತ್ತು. ಅಲ್ಲಿಂದಾಚೆಗೆ ಗಂಡಸರ ತಂಟೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ. ಹೊರೆ ಹೆಂಗಸರ ಹೊಟ್ಟೆಗೆ ಬಂತು, ಅವರನ್ನು ಒಪ್ಪಿಸುವ ಕೆಲಸ ನಮ್ಮಂಥವರ ಕಾಲಿಗೆ. ಕೂಲಿಗೆ ಹೋದವಳನ್ನು ರಾಗಿ ಹೊಲದ ಬದುವಿನಲ್ಲೇ ನಿಂತು ಒಪ್ಪಿಸುತ್ತಿದ್ದೆ, ಕನ್ನಡದಲ್ಲಿ ಆಗದಿದ್ದರೆ ತೆಲುಗಿನಲ್ಲಿ. 1996ರಲ್ಲಿ ದಿಲ್ಲಿ ಈ ಕೇಸುಗಳ ಟಾರ್ಗೆಟ್ ಕೈಬಿಟ್ಟಿತು.

ಆದರೆ ಮಕ್ಕಳು ಕಡಿಮೆಯಾದರೆ ರಾಜ್ಯಕ್ಕೆ ಬೇರೆ ಪೆಟ್ಟೂ ಇತ್ತು. ಜನಸಂಖ್ಯೆಯ ಲೆಕ್ಕದಲ್ಲಿ ತಮಿಳುನಾಡಿನ ಲೋಕಸಭಾ ಸ್ಥಾನಗಳು 1967ರಲ್ಲೇ 41ರಿಂದ 39ಕ್ಕೆ ಇಳಿದಿದ್ದವು. ಮಕ್ಕಳು ಕಡಿಮೆಯಾದ ರಾಜ್ಯಕ್ಕೆ ನಷ್ಟವಾಗದಿರಲೆಂದು 1976ರಲ್ಲಿ ರಾಜ್ಯಗಳ ಸ್ಥಾನಸಂಖ್ಯೆಯನ್ನು ತಡೆಹಿಡಿದರು, ಆ ತಡೆಯನ್ನು ಆಮೇಲೆ 2026ರವರೆಗೆ ಮುಂದುವರಿಸಿದರು. ತಡೆ ತೆಗೆದರೆ ಸ್ಥಾನಗಳು ಕೈತಪ್ಪುತ್ತವೆಂಬ ಅಂಜಿಕೆಯಿಂದಲೇ 2025ರ ಮಾರ್ಚಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಮದುವೆ ಮನೆಯೊಂದರಲ್ಲಿ, ಹೊಸ ದಂಪತಿಗಳು ತಡಮಾಡದೆ ಮಕ್ಕಳು ಮಾಡಿಕೊಳ್ಳಲಿ ಎಂದರು.

ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುವ ನನ್ನ ಸೊಸೆ ಆ ಸುದ್ದಿ ನೋಡಿ, "ಅತ್ತೆ, ಎರಡನೇದನ್ನ ಸ್ಟಾಲಿನ್ ನೋಡ್ಕೊತಾರಾ, ನೀವಾ?" ಅಂದಳು. ನನ್ನ ಮಂಡಿನೋವಿನ ವಿಷಯ ಅವಳಿಗೆ ಗೊತ್ತು.