ಯಾವ ಅಮ್ಮ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಹಿರಿಯರು ‘ಅಮ್ಮ ಬಂದಿದೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊರುವವರೂ ಉಂಟು. ಆದರೆ ‘ಅಮ್ಮ’ ಎಂಬ ಈ ಒಂದು ಮಾತು ಸಿಡುಬು, ಸೀತಾಳೆ ಸಿಡುಬು, ದಡಾರ ಎಂಬ ಮೂರು ಕಾಯಿಲೆಗಳಿಗೂ ಸಲ್ಲುತ್ತಿತ್ತು. ಇವುಗಳಲ್ಲಿ ಮೊದಲನೆಯದು ಈಗ ಭೂಮಿಯ ಮೇಲೇ ಇಲ್ಲ. ಅದು ಹೋದದ್ದು ಲಸಿಕೆಯಿಂದ. ಜೊತೆಗೆ, ಗುಳ್ಳೆಗೂ ಗುಳ್ಳೆಗೂ ಇರುವ ವ್ಯತ್ಯಾಸವನ್ನು ಗುರುತಿಸಬಲ್ಲ ಕಣ್ಣುಗಳಿಂದ.

ಸಿಡುಬಿನಲ್ಲಿ ಮೊದಲು ಎರಡು ಮೂರು ದಿನ ವಿಪರೀತ ಜ್ವರ. ಆಮೇಲೆ ಮುಖ, ಕೈಕಾಲುಗಳ ಮೇಲೆ ದಟ್ಟವಾಗಿ ಗುಳ್ಳೆಗಳು. ಅಂಗೈ, ಅಂಗಾಲನ್ನೂ ಬಿಡುವುದಿಲ್ಲ. ಮುಟ್ಟಿದರೆ ಚರ್ಮದೊಳಗೆ ಕಾಳು ಹುದುಗಿದಷ್ಟು ಗಟ್ಟಿ. ಒಂದು ಭಾಗದ ಗುಳ್ಳೆಗಳೆಲ್ಲ ಒಟ್ಟಿಗೆ ಕೀವು ತುಂಬಿ, ಒಟ್ಟಿಗೆ ಹಕ್ಕಳೆಗಟ್ಟುತ್ತವೆ. ಬದುಕಿದವರ ಮುಖದಲ್ಲಿ ಗುಳಿಗಳು ಉಳಿಯುತ್ತವೆ. ಲಸಿಕೆ ಇಲ್ಲದವರಲ್ಲಿ ಹತ್ತಕ್ಕೆ ಸುಮಾರು ಮೂವರು ಸಾಯುತ್ತಿದ್ದರು. ಸೀತಾಳೆ ಸಿಡುಬಿನ ಗುಳ್ಳೆ ಎದೆ, ಹೊಟ್ಟೆ, ಬೆನ್ನಿನಲ್ಲಿ ಹೆಚ್ಚು. ಅವು ನೀರಹನಿಯಂತೆ ತೆಳು. ಒಂದು ಒಣಗುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ದಡಾರದಲ್ಲಿ ನೀರಗುಳ್ಳೆಯೇ ಇಲ್ಲ. ಕೆಮ್ಮು, ನೆಗಡಿ, ಕೆಂಗಣ್ಣಿನ ಬೆನ್ನಿಗೆ ಕೆಂಪು ದದ್ದು ಮುಖದಿಂದ ಕೆಳಕ್ಕೆ ಇಳಿಯುತ್ತದೆ.

ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮೊದಲು ಹಾಕಿದ್ದು ಮುಂಬಯಿಯ ಮೂರು ವರ್ಷದ ಮಗುವಿಗೆ. ಚಿತ್ರದುರ್ಗವನ್ನೂ ಒಳಗೊಂಡಿದ್ದ ಮೈಸೂರು ರಾಜ್ಯದ ಅರಮನೆಗೂ ಅದು ಬೇಗನೆ ತಲುಪಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ವರ್ಣಚಿತ್ರವೊಂದರಲ್ಲಿ ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಪ್ರಕಾರ, ಬಲಗಡೆಯ ರಾಣಿ ಸೀರೆ ಸರಿಸಿ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳನ್ನು. ಎಡಗಡೆಯವರ ಮೂಗು, ಬಾಯಿಯ ಸುತ್ತಲಿನ ಬಿಳಿಚು ಬಣ್ಣ ಹಳೆಯ ಪದ್ಧತಿಯ ಗುರುತು. ಅದರಲ್ಲಿ ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಊದುತ್ತಿದ್ದರು. ಈ ಓದು ಸರಿಯಾದರೆ, ಒಂದೇ ಚಿತ್ರದಲ್ಲಿ ಎರಡು ಕಾಲದ ವೈದ್ಯ ಚರ್ಮದ ಮೇಲೆ ಬರೆದಿಟ್ಟಂತಿದೆ.

1973ರಲ್ಲಿ ದೇಶದಾದ್ಯಂತ ಮನೆಮನೆ ಹುಡುಕಾಟ ಚುರುಕಾಯಿತು. ಕಾರ್ಯಕರ್ತರು ಗುಳ್ಳೆ ಎದ್ದ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು, ‘ಇಂಥದ್ದನ್ನು ನೋಡಿದ್ದೀರಾ?’ ಎಂದು ಕೇಳುತ್ತಿದ್ದರು. ಸೀತಾಳೆಯನ್ನು ಸಿಡುಬೆಂದರೆ ಶ್ರಮ ವ್ಯರ್ಥ. ಸಿಡುಬನ್ನು ಸೀತಾಳೆಯೆಂದರೆ ಊರಿಗೇ ಅಪಾಯ. ಸುಳಿವು ಕೊಟ್ಟವರಿಗೆ ಕೊಡುವ ಬಹುಮಾನ 1975ರಲ್ಲಿ 1,000 ರೂಪಾಯಿಗೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. 1980ರಲ್ಲಿ ಜಗತ್ತೇ ಸಿಡುಬುಮುಕ್ತವೆಂದು ಘೋಷಣೆಯಾಯಿತು.

ಈಗ ದುರ್ಗದ ಸೀಮೆಯಲ್ಲಿ ಸಿಡುಬಿನ ಲಸಿಕೆಯ ಗುರುತು ಉಳಿದಿರುವುದು ಹಿರಿಯರ ತೋಳಿನಲ್ಲಿ ಮಾತ್ರ. ಆದರೆ ‘ಅಮ್ಮ’ ಎಂಬ ಮಾತು ಉಳಿದಿದೆ, ದಡಾರವೂ ಉಳಿದಿದೆ. ಅದು ಇಂದಿಗೂ ಮಕ್ಕಳ ಜೀವ ತೆಗೆಯಬಲ್ಲದು, ಅದಕ್ಕೂ ಲಸಿಕೆಯಿದೆ. ಬಾಗಿಲಿಗೆ ಬೇವು ಕಟ್ಟುವವರು ಕಟ್ಟಲಿ. ಬಂದಿರುವುದು ಯಾವ ಅಮ್ಮ ಎಂದು ಮಗುವಿನ ಮೈಯನ್ನೊಮ್ಮೆ ಬೆಳಕಿನಲ್ಲಿ ನೋಡಿ, ಆಸ್ಪತ್ರೆಗೂ ತೋರಿಸಲಿ.