ಜಾಕೆಟ್ಟಿನೊಳಗಿನ ಖಾಕಿ

ಬೆಳಿಗ್ಗೆ ಠಾಣೆಯಿಂದ ಸಿಎಸ್‌ಎಂಟಿ ಕಡೆಗೆ ಹೋಗುವ ಫಾಸ್ಟ್ ಲೋಕಲ್‌ನಲ್ಲಿ (ಇಲ್ಲಿ ಠಾಣೆ ಅಂದರೆ ಊರು, ಪೊಲೀಸ್ ಠಾಣೆಯಲ್ಲ) ಬಾಗಿಲ ಹತ್ತಿರ ನನ್ನ ಜೊತೆ ನಿಲ್ಲುವವರೊಬ್ಬರಿದ್ದಾರೆ. ಮೇ ತಿಂಗಳ ಸೆಖೆಯಲ್ಲೂ ಕುತ್ತಿಗೆಯವರೆಗೆ ಜಿಪ್ ಎಳೆದ ಕಪ್ಪು ಜಾಕೆಟ್ ಹಾಕಿರುತ್ತಾರೆ. ಅದರ ಕೆಳಗೆ ಖಾಕಿ ಪ್ಯಾಂಟು, ಕಂದು ಬೂಟು. ಯಾರೆಂದು ಡಬ್ಬಿಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಗೊತ್ತಿಲ್ಲದಂತೆ ಇರುತ್ತೇವೆ. ಒಂದು ದಿನ ಕುರ್ಲಾ ದಾಟುವಾಗ ಜಾಗದ ವಿಷಯಕ್ಕೆ ಇಬ್ಬರು ಕೈ ಮಿಲಾಯಿಸಿದರು. ಎಲ್ಲರ ಕಣ್ಣೂ ಆ ಜಾಕೆಟ್ ಮೇಲೆ ಹೋಯಿತು. ಅವರು ನಿಟ್ಟುಸಿರು ಬಿಟ್ಟು ಜಿಪ್ಪನ್ನು ಅರ್ಧ ಇಳಿಸಿದರು, ಅಷ್ಟೇ. ಜಗಳ ನಿಂತಿತು. ಜಿಪ್ ಮತ್ತೆ ಮೇಲಕ್ಕೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿ ಪೂರ್ತಿ ಬಂದೋಬಸ್ತು ಇತ್ತು ಸಾಹೇಬ್, ಈಗ ಒಂದು ಸಹಿ ಹಾಕೋಕೆ ಹೋಗ್ತಿದ್ದೀನಿ. ಇದನ್ನ ತೆಗೆದರೆ ಡ್ಯೂಟಿ ಮುಗಿಯೋದೇ ಇಲ್ಲ" ಎಂದು ಮರಾಠಿಯಲ್ಲಿ ಹೇಳಿದರು.

ಆ ಮಾತು ತಲೆಯಲ್ಲಿ ಉಳಿಯಿತು. ಪೊಲೀಸರು ಕೆಲಸಕ್ಕೆ ಹೋಗಿಬರುವಾಗ ಸಮವಸ್ತ್ರ ಹಾಕಬೇಕೇ ಬೇಡವೇ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅದರ ಇತಿಹಾಸ ಸುಮಾರು ಇನ್ನೂರು ವರ್ಷದ್ದು. ನನಗಂತೂ ಅದು ಮನೆಯ ಪ್ರಶ್ನೆಯೂ ಹೌದು, ಯಾಕೆಂದರೆ ನನ್ನ ಅಪ್ಪ ಕಾನ್ಸ್‌ಟೇಬಲ್ ಆಗಿದ್ದವನು.

ಕಥೆ ಶುರುವಾಗುವುದು ಲಂಡನ್ನಿನಲ್ಲಿ. 1829ರಲ್ಲಿ ಗೃಹಮಂತ್ರಿ ರಾಬರ್ಟ್ ಪೀಲ್ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದಾಗ ಜನ ಸಂತೋಷಪಡಲಿಲ್ಲ, ಹೆದರಿದರು. ಅವರ ಕಣ್ಣ ಮುಂದೆ ಇದ್ದದ್ದು ಫ್ರಾನ್ಸಿನ ಗೂಢಚಾರ ಪೊಲೀಸರು. ಸರ್ಕಾರ ನಮ್ಮ ಮನೆಯೊಳಗೆ ಕಿವಿ ಇಡುತ್ತದೆ ಎಂಬ ಅನುಮಾನ. ಇದಕ್ಕೆ ಕೊಟ್ಟ ಉತ್ತರವೇ ಸಮವಸ್ತ್ರ. ಸೈನ್ಯದ ಕೆಂಪು ಬೇಡವೆಂದು ನೀಲಿ ಕೋಟು, ತಲೆಗೆ ಸಾಮಾನ್ಯ ನಾಗರಿಕರು ಹಾಕುವಂಥ ಎತ್ತರದ ಟೋಪಿ, ಕಾಲರಿನ ಮೇಲೆ ಎಲ್ಲರೂ ಓದಬಹುದಾದ ನಂಬರು. ಪೊಲೀಸ್ ಕರ್ತವ್ಯದಲ್ಲಿರಲಿ, ಇಲ್ಲದಿರಲಿ, ಈ ಬಟ್ಟೆಯನ್ನು ಹಾಕಿಯೇ ಇರಬೇಕು ಎಂಬ ನಿಯಮವೂ ಇತ್ತು. ಕೆಲಸಕ್ಕೆ ಹೋಗುವಾಗ ಮಾತ್ರವಲ್ಲ, ರಜೆಯ ದಿನ ತರಕಾರಿ ತರಲು ಹೋದರೂ ಅದೇ ನೀಲಿ.

ಹಾಗಿದ್ದರೆ ಡ್ಯೂಟಿಯಲ್ಲಿ ಇರುವವನು ಯಾರು, ಇಲ್ಲದವನು ಯಾರು? ಅದಕ್ಕೊಂದು ಪಟ್ಟಿ ಮಾಡಿದರು. ಮುಂಗೈ ತೋಳಿನ ಮೇಲೆ ನೀಲಿ-ಬಿಳಿ ಗೆರೆಯ ಬಟ್ಟೆ. ಅದು ಇದ್ದರೆ ಡ್ಯೂಟಿ, ಇಲ್ಲದಿದ್ದರೆ ಬಿಡುವು. ಡ್ಯೂಟಿಯಲ್ಲಿರುವವನಿಗೆ ಮದ್ಯ ಕೊಟ್ಟರೆ ಅಂಗಡಿಯವನಿಗೆ ದಂಡ ಬೀಳುತ್ತಿದ್ದುದರಿಂದ ಅವನೂ ಆ ಪಟ್ಟಿಯನ್ನು ನೋಡಿಕೊಳ್ಳಬೇಕಾಗಿತ್ತು. ನನ್ನ ಲೋಕಲ್ ಗೆಳೆಯರ ಜಿಪ್ ಮಾಡುವ ಕೆಲಸವನ್ನೇ ಅಂದು ಆ ಪಟ್ಟಿ ಮಾಡುತ್ತಿತ್ತು.

ಜನರ ಅನುಮಾನ ಸುಳ್ಳಾಗಿರಲಿಲ್ಲ. ವಿಲಿಯಂ ಪೋಪೆ ಎಂಬ ಸಾರ್ಜೆಂಟ್ ಸಾದಾ ಬಟ್ಟೆಯಲ್ಲಿ ಒಂದು ರಾಜಕೀಯ ಸಂಘಕ್ಕೆ ಸೇರಿ, ಸದಸ್ಯನಂತೆ ನಟಿಸುತ್ತ ವರದಿ ಕೊಡುತ್ತಿದ್ದ. 1833ರಲ್ಲಿ ಅದು ಬಯಲಾಗಿ, ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು, ಅವನ ಕೆಲಸ ಹೋಯಿತು. ಲಂಡನ್ನಿನಲ್ಲಿ ಪತ್ತೇದಾರಿ ವಿಭಾಗ ಶುರುವಾಗಲು 1842 ಬರಬೇಕಾಯಿತು. ಬಿಡುವಿನಲ್ಲಿ ಸಾದಾ ಬಟ್ಟೆ ಹಾಕುವ ಸ್ವಾತಂತ್ರ್ಯ ಪೊಲೀಸರಿಗೆ ಸಿಕ್ಕಿದ್ದು ಇನ್ನೂ ತಡವಾಗಿ, 1860ರ ದಶಕದ ಕೊನೆಗೆ. ಅಂದರೆ ಸಮವಸ್ತ್ರ ಹುಟ್ಟಿದ್ದು ಪೊಲೀಸನ ಗತ್ತಿಗಾಗಿ ಅಲ್ಲ. ಪೊಲೀಸನ ಮೇಲೆ ಜನ ಕಣ್ಣಿಡಲಿ ಎಂದು.

ನಮಗೆ ಬಂದದ್ದು ಈ ಲಂಡನ್ ಮಾದರಿ ಅಲ್ಲ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ಪಡೆ ಕಟ್ಟಿದಾಗ ಮಾದರಿಯಾಗಿ ತೆಗೆದುಕೊಂಡದ್ದು ಐರ್ಲೆಂಡಿನ ಕಾನ್‌ಸ್ಟ್ಯಾಬ್ಯುಲರಿಯನ್ನು. ಬಂದೂಕು ಹಿಡಿದು, ಬ್ಯಾರಕ್ಕಿನಲ್ಲಿದ್ದು, ಆಳಿಸಿಕೊಳ್ಳುವ ಜನರ ಮೇಲೆ ಸರ್ಕಾರದ ಹಿಡಿತ ಇಡುವ ಪಡೆ ಅದು. 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯ್ದೆಯಲ್ಲೂ ಅದೇ ಧಾಟಿ. ಆ ಕಾಯ್ದೆಯ 22ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯನ್ನು ಯಾವಾಗಲೂ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಬೇಕು. ಲಂಡನ್ನಿನವರು ಬಟ್ಟೆಯನ್ನು ಸದಾ ಹಾಕಿಸಿ ಡ್ಯೂಟಿಯನ್ನು ಪಟ್ಟಿಯಿಂದ ಬೇರೆ ಮಾಡಿದರು. ನಮ್ಮಲ್ಲಿ ಡ್ಯೂಟಿಯನ್ನೇ ಸದಾಕಾಲದ್ದು ಮಾಡಿ ಬಿಡುವನ್ನು ಅಳಿಸಿಹಾಕಿದರು. "ಡ್ಯೂಟಿ ಮುಗಿಯೋದೇ ಇಲ್ಲ" ಎಂದ ಜಾಕೆಟ್ಟಿನವರಿಗೆ 1861ರ ಹೆಸರು ಗೊತ್ತಿರಲಿಕ್ಕಿಲ್ಲ, ಅದರ ಭಾರ ಗೊತ್ತಿದೆ.

ಇನ್ನು ಖಾಕಿ. 'ಖಾಕ್' ಅಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಗೈಡ್ಸ್ ಪಡೆ ಕಟ್ಟಿದ ಹ್ಯಾರಿ ಲಮ್ಸ್‌ಡೆನ್ ತನ್ನ ಸೈನಿಕರಿಗೆ ತೊಡಿಸಿದ ಬಣ್ಣ ಅದು, ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂದು. ಕಾಣಬಾರದೆಂದು ಹುಟ್ಟಿದ ಬಣ್ಣ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಬಣ್ಣವಾಯಿತು.

ನಮಗೆ ಮಾದರಿಯಾದ ಐರ್ಲೆಂಡಿನ ಪಡೆಯ ಗತಿ ಏನಾಯಿತು? 1919ರ ಜನವರಿಯಲ್ಲಿ ಸೊಲೊಹೆಡ್‌ಬೆಗ್ ಎಂಬಲ್ಲಿ ಅದರ ಇಬ್ಬರು ಕಾನ್ಸ್‌ಟೇಬಲ್‌ಗಳು ಗುಂಡಿಗೆ ಬಲಿಯಾದರು. ಐರಿಷ್ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡುಗಳು ಅವೇ ಎನ್ನುತ್ತಾರೆ. 1922ರಲ್ಲಿ ಆ ಪಡೆಯನ್ನೇ ವಿಸರ್ಜಿಸಿದರು. ಉತ್ತರ ಭಾಗದಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಪಡೆಯ ಸುಮಾರು 300 ಮಂದಿ 1969ರ ನಂತರದ ಹಿಂಸೆಯಲ್ಲಿ ಸತ್ತರು. ಅಲ್ಲಿನ ಪೊಲೀಸರು ಇಂದಿಗೂ ಸಮವಸ್ತ್ರದಲ್ಲಿ ಮನೆ ಬಿಡುವುದಿಲ್ಲ. ಒಗೆದ ಅಂಗಿಯನ್ನು ಹೊರಗೆ ಒಣಹಾಕುವುದಿಲ್ಲ. ಕಾರು ಹತ್ತುವ ಮುಂಚೆ ಬಗ್ಗಿ ಅದರ ಅಡಿ ನೋಡುತ್ತಾರೆ. 2011ರಲ್ಲಿ ಓಮಾ ಪಟ್ಟಣದಲ್ಲಿ 25 ವರ್ಷದ ಕಾನ್ಸ್‌ಟೇಬಲ್ ಒಬ್ಬ ಕೆಲಸಕ್ಕೆ ಹೊರಟಾಗಲೇ ಕಾರಿನಡಿಯ ಬಾಂಬಿಗೆ ಬಲಿಯಾದ.

2023ರ ಆಗಸ್ಟಿನಲ್ಲಿ ಅಲ್ಲಿ ನಡೆದದ್ದು ನನ್ನಂಥ ಐಟಿ ಮನುಷ್ಯನ ನಿದ್ದೆ ಕೆಡಿಸುವಂಥದ್ದು. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕಳಿಸಿದ ಸ್ಪ್ರೆಡ್‌ಶೀಟಿನಲ್ಲಿ ಅಡಗಿದ್ದ ಒಂದು ಹಾಳೆ ಹಾಗೇ ಉಳಿದುಬಿಟ್ಟಿತ್ತು. ಸುಮಾರು 9,500 ಪೊಲೀಸರು ಮತ್ತು ಸಿಬ್ಬಂದಿಯ ಅಡ್ಡಹೆಸರು, ದರ್ಜೆ, ಕೆಲಸದ ಜಾಗ ಎಲ್ಲ ಅಂತರ್ಜಾಲಕ್ಕೆ ಬಿತ್ತು. ಅಂಗಿಯನ್ನು ಬ್ಯಾಗಿನಲ್ಲಿ ಬಚ್ಚಿಟ್ಟು ವರ್ಷಗಟ್ಟಲೆ ಓಡಾಡಿದವರನ್ನು ಒಂದು 'ಹಿಡನ್ ಶೀಟ್' ಬೀದಿಗೆ ತಂದಿತು. ಅಂಥ ಹಾಳೆಗಳನ್ನು ಅಳಿಸದೆ ಫೈಲ್ ಕಳಿಸಿದ್ದು ನಮ್ಮಲ್ಲಿ ಯಾರಿಗೆ ನೆನಪಿಲ್ಲ?

ಈಗ ಅಪ್ಪನ ವಿಷಯ. ಧಾರವಾಡದ ಹತ್ತಿರದ ಹಳ್ಳಿಯಿಂದ ಹುಬ್ಬಳ್ಳಿಗೆ ಅಪ್ಪ ಬಸ್ಸಿನಲ್ಲಿ ಹೋಗಿಬರುತ್ತಿದ್ದ, ಪೂರ್ತಿ ಯೂನಿಫಾರ್ಮಿನಲ್ಲಿ. ಮುಂದಿನ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಟಿಕೆಟ್ ತೆಗೆಸುತ್ತಿದ್ದನೋ ಇಲ್ಲವೋ ನೆನಪಿಲ್ಲ. ನೆನಪಿಲ್ಲ ಅನ್ನುವುದೇ ಉತ್ತರವಿರಬಹುದು. 1994ರ ಆಗಸ್ಟಿನಲ್ಲಿ ಈದ್ಗಾ ಮೈದಾನದ ಗಲಾಟೆಗೆ ಹುಬ್ಬಳ್ಳಿಯಲ್ಲಿ ಕರ್ಫ್ಯೂ ಬಿತ್ತು. ಎಷ್ಟೋ ದಿನದ ಮೇಲೆ ಅಪ್ಪ ಮನೆಗೆ ಬಂದಾಗ ಮೈಮೇಲೆ ಯಾರದೋ ಚೌಕಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಖಾಕಿ. "ಯಾಕಪ್ಪಾ?" ಅಂದೆ. "ಇವತ್ತ ಈ ಅಂಗಿ ನನ್ನ ಕಾಯಂಗಿಲ್ಲೋ, ನಾನ ಇದನ್ನ ಕಾಯಬೇಕಾಗೇತಿ" ಅಂದ. ಅವತ್ತು ಅಪ್ಪ ಹೆದರಿದ್ದಾನೆ ಎಂದು ನನಗೆ ನಾಚಿಕೆಯಾಗಿತ್ತು. ಇಂದು ಆ ನಾಚಿಕೆಗೇ ನಾಚಿಕೆ.

ನನ್ನ ಹೆಂಡತಿಯ ವಾದ ಬೇರೆ. ರಾತ್ರಿ ಹನ್ನೊಂದರ ಲೋಕಲ್ ಹಿಡಿಯುವಾಗ ಮಹಿಳೆಯರ ಡಬ್ಬಿಯಲ್ಲಿ ಖಾಕಿ ಇದೆಯೇ ಎಂದು ನೋಡಿಯೇ ಹತ್ತುತ್ತಾಳೆ. "ಹೋಗಿಬರುವ ಪೊಲೀಸರೆಲ್ಲ ಯೂನಿಫಾರ್ಮಿನಲ್ಲೇ ಇದ್ದರೆ ಊರಿಗೆ ಖರ್ಚಿಲ್ಲದ ಪಹರೆ" ಎನ್ನುತ್ತಾಳೆ. ಅವಳ ಭಯ ನಿಜವಾದದ್ದು. ಆದರೆ ಖರ್ಚಿಲ್ಲದ್ದು ಎನ್ನುವುದು ಸರಿಯಲ್ಲ. ಆ ಖರ್ಚು ಹನ್ನೆರಡು ತಾಸು ನಿಂತು ಬಂದವರ ಕಾಲಿನ ಮೇಲೆ ಬೀಳುತ್ತದೆ. ಡಬ್ಬಿಯಲ್ಲಿ ಪಹರೆ ಬೇಕಿದ್ದರೆ ಸಂಬಳ ಕೊಟ್ಟು, ಪಾಳಿ ಹಾಕಿ ಪೊಲೀಸರನ್ನು ನಿಲ್ಲಿಸಬೇಕು.

ನನ್ನ ನಿಲುವು ಇಷ್ಟು. ಬಲ ಪ್ರಯೋಗಿಸುವಾಗ, ಬಂಧಿಸುವಾಗ ಪೊಲೀಸ್ ಕಾಣಲೇಬೇಕು, ಎದೆಯ ಮೇಲಿನ ಹೆಸರು ಓದುವಂತಿರಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ, ಲಂಡನ್ನಿನ ಜನ ಕೇಳಿದ್ದೂ ಅದನ್ನೇ. ಆದರೆ ಬರೀ ಮನೆಗೆ ಹೋಗುವವನನ್ನು ಗುರುತಿಸುವ ಹಕ್ಕು ನಮಗಿಲ್ಲ. ಆಫೀಸಿನ ಗೇಟು ದಾಟಿದ ಕೂಡಲೇ ನಾನು ಕುತ್ತಿಗೆಯ ಐಡಿ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. ನನ್ನನ್ನು ಯಾರೂ ಪ್ರಶ್ನಿಸುವುದಿಲ್ಲ.

ಹೋದ ವಾರ ಜಾಕೆಟ್ಟಿನವರು ನಿಂತಲ್ಲೇ ತೂಕಡಿಸುತ್ತಿದ್ದರು. ದಾದರಿನಲ್ಲಿ ಸೀಟು ಖಾಲಿಯಾಯಿತು. ಭುಜ ಮುಟ್ಟಿ ತೋರಿಸಿದೆ. ಕೂತರು, ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು.