ಘಟ್ಟದ ಮೇಲಿನ ರಾಜಧಾನಿ, ಘಟ್ಟದ ಕೆಳಗಿನ ರಾಜಧಾನಿ

ರಾಜ್ಯಗಳು ಮತ್ತು ಅವುಗಳ ರಾಜಧಾನಿಗಳು ಎಂಬ ಪಾಠ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿಯರಿಗೆಲ್ಲ ಬಲು ಹಗುರವಾದದ್ದು. ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ತೋರಿಸುತ್ತ ಹೋದರಾಯಿತು. ಕರ್ನಾಟಕಕ್ಕೆ ಬೆಂಗಳೂರು, ಗೋವೆಗೆ ಪಣಜಿ. ಮಕ್ಕಳು ಒಂದೇ ರಾಗದಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ನಮ್ಮ ಸಾಂಬ್ರಾಣಿಯ ಮಕ್ಕಳ ಪ್ರಶ್ನೆ ಬೇರೆ. ‘ಬೆಂಗಳೂರಿಗಿಂತ ಪಣಜಿನೇ ನಮಗ ಹತ್ತಿರ ಐತಲ್ರೀ ಅಕ್ಕೋರ?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕೇಳುವುದು ಸರಿಯೇ. ಹಳಿಯಾಳ ತಾಲೂಕಿನವರಾದ ನಮಗೆ ಬೆಂಗಳೂರೆಂದರೆ ಒಂದು ರಾತ್ರಿಯ ಪ್ರಯಾಣ. ಬೆಳಿಗ್ಗೆ ಬಸ್ಸು ಹಿಡಿದು ರಾಮನಗರ, ಅನಮೋಡ, ಮೊಲೆಂ, ಫೋಂಡಾ ದಾಟಿದರೆ ಆ ಹೊತ್ತಿಗೇ ಮಾಂಡೋವಿ ಹೊಳೆ ಕಣ್ಣಿಗೆ ಬೀಳುತ್ತದೆ. ಘಟ್ಟದ ಮೇಲೊಂದು ರಾಜಧಾನಿ, ಕೆಳಗೊಂದು ರಾಜಧಾನಿ, ನಡುವೆ ಕಾಡಿನಲ್ಲಿ ನಾವು. ನಮ್ಮ ಸೀಮೆಯ ಚರಿತ್ರೆಯೆಲ್ಲ ಇಷ್ಟರಲ್ಲೇ ಅಡಗಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೊದಲು ಕದಂಬರ ಮಾತು. ಬನವಾಸಿಯ ಹೆಸರು ಕೇಳದವರಿಲ್ಲ. ಅದೇ ಕದಂಬರಿಗೆ ಉತ್ತರದಲ್ಲಿ ಪಲಾಶಿಕೆ ಎಂಬ ಇನ್ನೊಂದು ರಾಜಧಾನಿ ಇತ್ತೆಂಬುದು ಎಲ್ಲರ ನೆನಪಿನಲ್ಲಿ ಇರುವುದಿಲ್ಲ. ಇಂದಿನ ಖಾನಾಪುರ ತಾಲೂಕಿನ ಹಲಸಿಯೇ ಆ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳು ಬಹಳ ಸಂಗತಿ ಹೇಳುತ್ತವೆ. ಮೃಗೇಶವರ್ಮನು ತನ್ನ ತಂದೆಯ ನೆನಪಿಗೆ ಅಲ್ಲಿ ಜಿನಾಲಯ ಕಟ್ಟಿಸಿದ. ದಾಯಾದಿಯಾದ ವಿಷ್ಣುವರ್ಮನೊಡನೆ ಕಾದಾಡಿ ಗೆದ್ದ ರವಿವರ್ಮನು ಪಲಾಶಿಕೆಯಲ್ಲಿ ನೆಲೆಯೂರಿದ. ಬನವಾಸಿಯಿಂದ ಹಲಸಿಗೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು ನೋಡಿ, ಅದು ನಮ್ಮ ಸಾಂಬ್ರಾಣಿಯ ಮಗ್ಗುಲಲ್ಲೇ ಹಾಯುತ್ತದೆ.

ಐದಾರು ಶತಮಾನಗಳ ಮೇಲೆ ಅದೇ ಹಲಸಿಗೆ ಮತ್ತೆ ರಾಜಕಳೆ ಬಂತು. ಗೋವೆಯ ಕದಂಬರು ಕಡಲ ಬದಿಯಲ್ಲಿ ಮೊದಲು ಚಂದ್ರಪುರದಿಂದ, ಅಂದರೆ ಈಗಿನ ಚಾಂದೋರದಿಂದ, ಆಳಿದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ಗೋಪಕಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಕಡಲ ವ್ಯಾಪಾರಕ್ಕೆ ಗೋಪಕಪಟ್ಟಣ, ಘಟ್ಟದ ಮೇಲಿನ ನಾಡಿಗೆ ಹಲಸಿ. ಹಕ್ಕಿ ಹಾರಿದಂತೆ ಅಳೆದರೆ ಎರಡಕ್ಕೂ ನಡುವೆ ನೂರು ಕಿಲೋಮೀಟರೂ ಇಲ್ಲ. ಆದರೆ ನಡುವೆ ಇರುವುದು ಸಹ್ಯಾದ್ರಿ! ಮಳೆಗಾಲದ ನಾಲ್ಕು ತಿಂಗಳು ಹಳ್ಳಕೊಳ್ಳಗಳು ತುಂಬಿ ಹರಿಯುವಾಗ ಆ ದಾರಿ ಹೇಗಿದ್ದೀತೆಂದು ಈ ಕಡೆಯ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಂಶದಲ್ಲಿ ನನಗೆ ಬಹಳ ಹಿಡಿಸಿದವಳು ಒಬ್ಬ ರಾಣಿ. ಶಿವಚಿತ್ತ ಪೆರ್ಮಾಡಿ ಎಂಬ ರಾಜನ ಕಾಲದಲ್ಲಿ, 1169ರ ಸುಮಾರಿಗೆ, ಹಲಸಿಯ ಭೂವರಾಹ ನರಸಿಂಹ ದೇವಾಲಯ ಏರ್ಪಟ್ಟಿತು. ಐದು ವರ್ಷದ ಮೇಲೆ, 1174ರಲ್ಲಿ, ಅವನ ರಾಣಿ ಕಮಲಾದೇವಿ ಕಿತ್ತೂರಿನ ಹತ್ತಿರ ದೇಗಾವಿಯಲ್ಲಿ ಕಮಲನಾರಾಯಣ ದೇವಾಲಯ ಕಟ್ಟಿಸಿದಳು. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು. ದೇವರ ಹೆಸರಿನ ಮೊದಲಿಗೆ ತನ್ನ ಹೆಸರು ಸೇರಿಸಿ, ಎಂಟುನೂರೈವತ್ತು ವರ್ಷ ಕಳೆದರೂ ಜನ ಕಮಲಾ ಕಮಲಾ ಎನ್ನುವಂತೆ ಮಾಡಿದ ಹೆಣ್ಣು ಜಾಣೆಯಲ್ಲವೇ? ಗಂಡನ ಶಾಸನದ ಮೂಲೆಯಲ್ಲಿ ಒಂದು ಸಾಲಾಗಿ ಅವಳು ಉಳಿದುಹೋಗಲಿಲ್ಲ.

ಆಮೇಲಿನದು ಕುದುರೆಗಳ ಕಾಲ. ಮೇಲೆ ವಿಜಯನಗರ, ಕೆಳಗೆ ಗೋವೆ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಬಿಜಾಪುರದವರಿಂದ ಗೆದ್ದುಕೊಂಡ. ಅದೇ ವರ್ಷ ಫ್ರಾಯರ್ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಬಳಿಗೆ ದೂತನಾಗಿ ಕಳಿಸಿದ. ಅರಬಸ್ತಾನ, ಪರ್ಷಿಯಾಗಳ ಕುದುರೆಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದವು. ಅವು ಯಾರ ಲಾಯಕ್ಕೆ ಹೋಗುತ್ತವೆ ಎಂಬುದರ ಮೇಲೆ ಯುದ್ಧದ ಸೋಲು ಗೆಲುವು ನಿಂತಿತ್ತು. ಸ್ವತಃ ಕುದುರೆ ವ್ಯಾಪಾರಿಯಾದ ನೂನಿಜ್, ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅದಕ್ಕೂ ಮುಂಚಿನ ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಮಾತು ಇನ್ನೂ ಸೋಜಿಗದ್ದು. ಕುದುರೆ ದಾರಿಯಲ್ಲಿ ಕಡಲಿನ ಮೇಲೆ ಸತ್ತರೂ ಚಿಂತೆಯಿಲ್ಲ, ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಆ ರಾಜ ಕೊಡುತ್ತಿದ್ದನಂತೆ! ಈ ಕಥೆ ಹೇಳಿದಾಗಲೆಲ್ಲ ತರಗತಿ ಹೋ ಎಂದು ನಗುತ್ತದೆ.

ಆ ನಗು ನಿಂತ ಮೇಲೆ ನಾನು ಇನ್ನೊಂದು ಸಂಗತಿ ಹೇಳುತ್ತೇನೆ. ಅದೇ ಹಡಗುಗಳ ಕಾಲದಲ್ಲಿ ಪೋರ್ತುಗೀಜರು ಆಫ್ರಿಕದಿಂದ, ಮುಖ್ಯವಾಗಿ ಮೊಝಾಂಬಿಕ್ ಕಡೆಯಿಂದ, ಮನುಷ್ಯರನ್ನೂ ತಂದು ಗೋವೆಯಲ್ಲಿ ಮಾರುತ್ತಿದ್ದರು. ಮನೆಗೆಲಸಕ್ಕೆ, ಪಲ್ಲಕ್ಕಿ ಹೊರಲಿಕ್ಕೆ, ಕೊಡೆ ಹಿಡಿಯಲಿಕ್ಕೆ ಆ ಗುಲಾಮರು ಬೇಕಾಗಿದ್ದರು. ಹಿಂಸೆ ತಾಳಲಾರದೆ ಓಡಿಬಂದವರು ಏರಿದ್ದು ಇದೇ ಘಟ್ಟ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ದಟ್ಟ ಕಾಡು ಅವರನ್ನು ಬಚ್ಚಿಟ್ಟುಕೊಂಡಿತು. ಇಂದು ನಮ್ಮ ನಡುವೆ ಇರುವ ಸಿದ್ದಿ ಜನರಲ್ಲಿ ಅನೇಕರು ಅವರ ಸಂತತಿ. ಎಲ್ಲರ ಪೂರ್ವಿಕರೂ ಗೋವೆಯಿಂದಲೇ ಬಂದವರೆಂದಲ್ಲ, ಬಿಜಾಪುರದಂಥ ಸುಲ್ತಾನರ ಸೈನ್ಯದಲ್ಲೂ ಹಬಸಿಗಳಿದ್ದರು. ಪೋರ್ತುಗೀಜರ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಂತೆ ತೊಲಗಿದ್ದು 1869ರಲ್ಲಿ. ಸಿದ್ದಿಯರನ್ನು ನಮ್ಮ ಜಿಲ್ಲೆಯ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಓಡಿಬಂದವರ ವಂಶ ಕೊನೆಗೂ ಒಂದು ರಾಜಧಾನಿಯ ಬಾಗಿಲನ್ನು ಎದುರಿನಿಂದ ಹೊಕ್ಕಂತಾಯಿತು.

ಸತ್ತ ಕುದುರೆಯ ಬಾಲಕ್ಕೂ ಲೆಕ್ಕ ಇಟ್ಟ ಕಾಲ, ಹೊಟ್ಟೆಯಲ್ಲಿ ಕೂಸು ಹೊತ್ತು ಕತ್ತಲಲ್ಲಿ ಘಟ್ಟ ಹತ್ತಿರಬಹುದಾದ ತಾಯಿಯ ಹೆಸರು ಬರೆದಿಡಲಿಲ್ಲ. ಆ ತಾಯಿಯ ಕುಡಿಗಳೇ ನನ್ನ ಮುಂದೆ ಬೆಂಚಿನ ಮೇಲೆ ಕೂತಿರುವಾಗ, ಚರಿತ್ರೆಯೆಂದರೆ ವಿಜಯನಗರದ ವೈಭವ ಎಂದಷ್ಟೇ ಹೇಳಿ ಪುಸ್ತಕ ಮುಚ್ಚುವುದು ಹೇಗೆ?

ಬ್ರಿಟಿಷರ ಕಾಲಕ್ಕೆ ಬರೋಣ. 1843ರಲ್ಲಿ ಪಣಜಿ ಗೋವೆಯ ರಾಜಧಾನಿಯಾಯಿತು. 1878ರಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಪ್ಪಂದ ಮಾಡಿಕೊಂಡರು. ಅದರ ಫಲವಾಗಿ 1880ರ ದಶಕ ಮುಗಿಯುವುದರೊಳಗೆ ಮುರಗಾಂವ ಬಂದರಿನಿಂದ ದೂಧಸಾಗರದ ಮಗ್ಗುಲಲ್ಲಿ ಕ್ಯಾಸಲ್‌ರಾಕ್‌ವರೆಗೆ ರೈಲು ಏರಿತು. ಕ್ಯಾಸಲ್‌ರಾಕ್ ಗಡಿಯ ಸ್ಟೇಶನ್, ಸುಂಕದ ಕಟ್ಟೆ ಅಲ್ಲೇ. ನಮ್ಮ ಅಳ್ನಾವರ, ಲೋಂಡಾಗಳಲ್ಲಿ ರೈಲು ಹತ್ತಿದವರು ಒಂದೇ ದಿನದಲ್ಲಿ ಬೇರೊಬ್ಬ ದೊರೆಯ ರಾಜ್ಯಕ್ಕೆ ಹೋಗಿಬಿಡಬಹುದಾಯಿತು. ಹೆಣ್ಣು ಕೊಡುವುದು, ತರುವುದು ಸಲೀಸಾಯಿತು.

ಹಾಗೆ ಕೊಟ್ಟ ಹೆಣ್ಣುಗಳಿಗೆ 1955 ಕಷ್ಟದ ವರ್ಷವಾಯಿತು. ಆ ವರ್ಷದ ಆಗಸ್ಟ್ 15ರಂದು ಗೋವೆಯ ಬಿಡುಗಡೆಗಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಾರತ ಸರಕಾರ ಗಡಿ ಮುಚ್ಚಿತು, ರೈಲು ನಿಂತಿತು. ಫೋಂಡಾ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ಒಬ್ಬ ಅಜ್ಜಿ, ನಾನು ಹೊಸದಾಗಿ ನೌಕರಿಗೆ ಸೇರಿದಾಗ ಅಂಗಳದಲ್ಲಿ ಹಪ್ಪಳ ಒಣಹಾಕುತ್ತ ಆ ಕಾಲದ ಮಾತು ಹೇಳಿದ್ದರು. ‘ಅವ್ವ ಹೋದ ಸುದ್ದಿ ನನಗ ಬಂದಿದ್ದು ದಿನಾ ಎಲ್ಲಾ ಮುಗದ ಮ್ಯಾಲ, ಅಕ್ಕೋರ. ತವರುಮನಿ ಘಟ್ಟದ ಬುಡದಾಗ ಇತ್ತು. ಆದರ ಪರದೇಶ ಆಗಿತ್ತು.’ ಇಷ್ಟು ಹೇಳಿ ಅವರು ಹಪ್ಪಳ ಮಗುಚಲು ಎದ್ದರು. ಮುಂದೆ ನಾನೂ ಕೇಳಲಿಲ್ಲ.

ಅದೇ 1955ರಲ್ಲಿ ಪೋರ್ತುಗೀಜರು ದಾಬೋಳಿಯಿಂದ ವಿಮಾನ ಹಾರಿಸತೊಡಗಿದರು. ಅವರ ಆ ವಿಮಾನ ಸಂಸ್ಥೆಯ ಹೆಸರನ್ನು ಚುಟುಕಾಗಿ ಟಾಯಿಪ್ ಎನ್ನುತ್ತಿದ್ದರು. ಅದು ದಮನ್, ದೀವ್, ಕರಾಚಿಗಳಿಗೆ ಹೋಗುತ್ತಿತ್ತು. ಪಕ್ಕದ ಬೆಳಗಾವಿಗೆ ಬರಲಾಗದ ಗೋವೆಯವರು ಕಡಲು ದಾಟಿ ಕರಾಚಿಗೆ ಹಾರಬಹುದಿತ್ತು! 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು, ಆ ಸಂಸ್ಥೆಯೂ ಅದರೊಡನೆ ಮುಗಿಯಿತು. ಅಷ್ಟರಲ್ಲಿ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆ 1956ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿತ್ತು. ನಮ್ಮ ರಾಜಧಾನಿ ಮುಂಬಯಿ ಹೋಗಿ ಬೆಂಗಳೂರಾಗಿತ್ತು. 1987ರ ಮೇ 30ರಂದು ಗೋವೆಯೂ ಪೂರ್ಣ ರಾಜ್ಯವಾಗಿ, ಪಣಜಿ ಬೆಂಗಳೂರಿನ ನೆರೆಯ ರಾಜಧಾನಿಯಾಗಿ ನಿಂತಿತು.

ಈಗ ಬೆಂಗಳೂರಿನಿಂದ ಗೋವೆಗೆ ವಿಮಾನದಲ್ಲಿ ಒಂದು ಗಂಟೆಯ ಆಚೀಚೆ. ದಾಬೋಳಿಯ ಜೊತೆಗೆ 2023ರ ಜನವರಿಯಿಂದ ಮೋಪಾದಲ್ಲೂ ವಿಮಾನಗಳು ಇಳಿಯುತ್ತಿವೆ. ಮಗಳ ಒತ್ತಾಯಕ್ಕೆ ನಾನೂ ಒಮ್ಮೆ ಹೋದೆ. ಕಿಟಕಿಯಿಂದ ಘಟ್ಟ ಕಂಡದ್ದು ಮಡಿಚಿಟ್ಟ ಹಸಿರು ಸೀರೆಯಷ್ಟು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದು ಹಿಂದೆ ಸರಿಯಿತು. ಸುಖವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅನಮೋಡದ ತಿರುವುಗಳಲ್ಲಿ ಬಸ್ಸಿನ ಕಂಬಿ ಹಿಡಿದು, ಲಿಂಬೆಹಣ್ಣು ಮೂಸುತ್ತ ಇಳಿಯುವಾಗ ಮಾತ್ರ ಈ ದಾರಿಯನ್ನು ಕಾಲಿನಿಂದ ಅಳೆದವರ ನೆನಪಾಗುತ್ತದೆ.

ಘಟ್ಟದ ಮೇಲೆ ಮತ್ತೊಂದು ರಾಜಧಾನಿಯ ಆಸೆ ಇನ್ನೂ ಉಳಿದಿದೆ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಕದಂಬರ ಹಲಸಿ ಅದೇ ಜಿಲ್ಲೆಯಲ್ಲಿದೆ. ಗೋವೆಯವರು 1980ರಲ್ಲಿ ತಮ್ಮ ಸಾರಿಗೆ ನಿಗಮಕ್ಕೆ ಕದಂಬ ಎಂದೇ ಹೆಸರಿಟ್ಟರು. ಕದಂಬ ಬಸ್ಸನ್ನು ಕಂಡು ‘ಇದೇನು, ನಮ್ಮ ಬನವಾಸಿಯವರ ಹೆಸರು ಇಲ್ಲಿ?’ ಎಂದು ಬೆರಗಾಗುವ ಪ್ರವಾಸಿಗರಿದ್ದಾರೆ. ಗೋವೆಯವರಿಗೂ ಅದು ಮನೆತನದ ಹೆಸರೇ.

ರಜೆಯಲ್ಲಿ ಗೋವೆಗೆ ಹೊರಡುವ ಅಕ್ಕತಂಗಿಯರಿಗೆ ನನ್ನದೊಂದು ಮಾತು. ಕಡಲ ದಂಡೆಗೆ ಹೋಗಿಯೇ ಹೋಗುತ್ತೀರಿ. ಹೋಗುವಾಗ ಹಲಸಿಯಲ್ಲೋ ದೇಗಾವಿಯಲ್ಲೋ ಒಂದು ತಾಸು ನಿಲ್ಲಿ, ಕಮಲಾದೇವಿಯ ಕಲ್ಲುಗೆಲಸ ನೋಡಿ. ಘಟ್ಟ ಇಳಿಯುವಾಗ ಮಕ್ಕಳಿಗೆ ಕುದುರೆಯ ಬಾಲದ ಕಥೆ ಹೇಳಿ ನಗಿಸಿ. ಅದರ ಬೆನ್ನಿಗೇ ಇದೇ ಘಟ್ಟ ಹತ್ತಿ ಓಡಿಬಂದವರ ಕಥೆಯನ್ನೂ ಹೇಳಿ. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕಡಿಮೆ. ನೀವು ಹೇಳಿದರೆ ಮಕ್ಕಳು ಮರೆಯುವುದಿಲ್ಲ.